ನಿಮ್ಮಂತೆಯೇ ಹೊರಟ ವಿಮಾನ

ಯಜಮಾನರಿಗೆ,

ತಲುಪಿದ್ದೇನೆ, ಆದರೆ ತಡವಾಗಿ. ವಿಮಾನ ಹೇಳಿದ ಹೊತ್ತಿಗೇ ಹೊರಟಿತೆಂದು ನೀವು ಫೋನಿನಲ್ಲಿ ನೋಡಿರುತ್ತೀರಿ. ಒಳಗೆ ಕೂತವಳ ಪಾಡು ಕೇಳಿ. ಬಾಗಿಲು ಹಾಕಿದರು, ಒಂದು ಟ್ರ್ಯಾಕ್ಟರು ಬಂದು ವಿಮಾನವನ್ನು ನಾಲ್ಕು ಮಾರು ಹಿಂದಕ್ಕೆ ದೂಡಿತು. ಆಮೇಲೆ ಬೇರೆ ವಿಮಾನಗಳ ಹಿಂದೆ ಸರತಿಯಲ್ಲಿ ನಿಂತದ್ದು ನಿಂತೇ ಇತ್ತು. "ಯಾವಾಗಮ್ಮ ಹೊರಡೋದು?" ಎಂದು ಗಗನಸಖಿಯನ್ನು ಕೇಳಿದೆ.

"ಆಗ್ಲೇ ಹೊರಟಾಯ್ತಲ್ಲ ಅಮ್ಮ. ಚಕ್ರ ಜಾಗ ಬಿಟ್ಟು ಕದಲಿದ್ರೆ ನಮ್ಮ ಲೆಕ್ಕದಲ್ಲಿ ಹೊರಟ ಹಾಗೇ" ಎಂದಳು.

ನನಗೆ ನೀವೇ ಕಣ್ಣ ಮುಂದೆ ಬಂದಿರಿ. ಸೊಂಟದಲ್ಲಿ ಟವೆಲು, ಕೈಯಲ್ಲಿ ಒಂಟಿ ಕಾಲುಚೀಲ, ಫೋನಿನಲ್ಲಿ "ಹೊರಟೆ, ಹೊರಟೆ, ದಾರೀಲಿದೀನಿ."

ಹಾರಿದ ಮೇಲೆ ದಾರಿಯುದ್ದಕ್ಕೂ ಎದುರುಗಾಳಿ. ಊರು ಕಂಡರೂ ಇಳಿಯಲು ಜಾಗವಿಲ್ಲವೆಂದು ಅದರ ನೆತ್ತಿಯ ಮೇಲೇ ಗಿರಕಿ ಹೊಡೆಸಿದರು. ಕಾಲು ಊದಿದೆ, ಬಿ.ಪಿ. ಸರಿಯಾಗಿದೆ. ನಿಮ್ಮ ಮಾತ್ರೆ ಫ್ರಿಜ್ಜಿನ ಮೇಲಿದೆ, ಮನೆಯೆಲ್ಲ ಜಾಲಾಡಬೇಡಿ.

ಇಳಿದು ಫೋನು ಹಚ್ಚಿದರೆ ಮಗಳಿಗೆ ನೋವು ಶುರುವಾಗಿದೆಯೆಂದು ಅಳಿಯನ ಸಂದೇಶ, ಪೆಟ್ಟಿಗೆ ಸಮೇತ ಆಸ್ಪತ್ರೆಗೆ ಓಡಿದೆ. ಹೆರಿಗೆಯ ಹೊತ್ತಿಗೆ ಮಗಳ ಪಕ್ಕದಲ್ಲಿರಬೇಕೆಂದೇ ಬಂದವಳು ನಾನು. ಮೇಲೆ ಗಿರಕಿ ಹೊಡೆಯುತ್ತಿದ್ದಾಗಲೇ ಎಲ್ಲ ಮುಗಿದಿತ್ತು. ತಾಯಿ ಮಗು ಕ್ಷೇಮವೆಂದು ಅಳಿಯ ಫೋನಿನಲ್ಲಿ ಹೇಳಿರುತ್ತಾನೆ, ಮೊಮ್ಮಗಳ ಮೂಗು ಥೇಟ್ ನಿಮ್ಮದೆಂದು ಹೇಳಿರಲಿಕ್ಕಿಲ್ಲ. ಆದರೆ ಹೊರಟೆ ಎಂದು ಯಾರಿಗೂ ಹೇಳದೆ, ಡಾಕ್ಟರು ಕೊಟ್ಟ ದಿನಕ್ಕಿಂತ ವಾರ ಮೊದಲೇ ಬಂದುಬಿಟ್ಟಿದ್ದಾಳೆ. ಆ ಗುಣ ಮಾತ್ರ ನನ್ನ ತವರಿನದು.

ಇಂದಿನಿಂದ ಅಜ್ಜಿ