ಪೆಟ್ರೋಲ್ ಮುಚ್ಚಳಕ್ಕೆ ಅಂಟಿಸಿದ ರುಜು

ಮನೆಯ ಹಿಂದಿನ ವರಾಂಡದಿಂದ,
ತಾರೀಕು ಹದಿನಾಲ್ಕು, ಬುಧವಾರ ಮಧ್ಯಾಹ್ನ

ಚಿರಂಜೀವಿ ಅಳಿಯಂದಿರಿಗೆ ಮಾವ ಮಾಡುವ ಆಶೀರ್ವಾದಗಳು.

ನೀವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ನಂಬಿದ್ದೇನೆ ಎಂದು ಬರೆಯುವುದು ಕಾಗದದ ಮರ್ಯಾದೆ. ನಿಜ ಹೇಳಬೇಕೆಂದರೆ ಅನುಮಾನವಿದೆ. ಆಸ್ಪತ್ರೆಯ ಕ್ಯಾಂಟೀನಿನ ಊಟ ನಿಮಗೆ ಆಗಿಬರುವುದಿಲ್ಲ. ವಾರ್ಡಿನಲ್ಲಿ ಇಪ್ಪತ್ತು ಜನರಿಗೆ ಹೊತ್ತು ಹೊತ್ತಿಗೆ ಮಾತ್ರೆ ನುಂಗಿಸುವ ನಿಮ್ಮಂಥ ನರ್ಸ್ ತನ್ನ ಹೊಟ್ಟೆಯ ವಿಷಯದಲ್ಲಿ ಮಾತ್ರ ಮಹಾ ಸೋಮಾರಿ ಎನ್ನುವುದನ್ನು ಎರಡು ವರ್ಷ ಒಂದೇ ಸೂರಿನಡಿ ಕಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ನಿಮ್ಮ ಹೆಂಡತಿಯೂ ಚೆನ್ನಾಗಿದ್ದಾಳೆ ಎಂದುಕೊಂಡಿದ್ದೇನೆ. ಕೇಳಿ ತಿಳಿಯೋಣವೆಂದರೆ, ನೀವು ಮನೆ ಬಿಟ್ಟ ಈ ಇಪ್ಪತ್ತೆರಡು ದಿನಗಳಲ್ಲಿ ಅವಳು ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಹೇಳುವುದಿದ್ದರೆ ಕಾಗದದ ಚೂರಿನಲ್ಲಿ ಬರೆದು ಫ್ರಿಜ್ಜಿನ ಮೇಲಿಡುತ್ತಾಳೆ. ನಿನ್ನೆಯದು ‘ಉಪ್ಪು ಮುಗಿದಿದೆ’. ಅದರ ಹಿಂದಿನದು ‘ಬಲ್ಬು ಹೋಗಿದೆ’. ಒಂದು ದಿನ ‘ನಾನೂ ಹೊರಟೆ’ ಎಂಬ ಚೂರು ಸಿಕ್ಕೀತು ಎಂದು ಬೆಳಿಗ್ಗೆ ಎದ್ದು ಫ್ರಿಜ್ಜಿನ ಹತ್ತಿರ ಹೋಗಲು ನನಗೆ ಭಯವಾಗುತ್ತದೆ. ಫೋನು ಮಾಡಬಹುದಿತ್ತು. ಆದರೆ ಫೋನು ಹಿಡಿದರೆ ಎರಡನೇ ಮಾತಿಗೇ ಜಗಳ ತೆಗೆಯುತ್ತೇನೆಂದು ನನ್ನ ಮೇಲೆ ನನಗೇ ಗುಮಾನಿ. ಕಾಗದವಾದರೆ ಹೊಡೆದುಹಾಕಿ ಮತ್ತೆ ಬರೆಯಬಹುದು.

ಈಗ ಹುಲ್ಲು ಕತ್ತರಿಸುವ ಮೆಷಿನ್ನಿನ ಸಮಾಚಾರ. ಮುಖ ಸಿಂಡರಿಸಬೇಡಿ, ಪೂರ್ತಿ ಓದಿ. ನಮ್ಮ ಸಾಲಿನ ಎಂಟು ಮನೆಗಳ ಹುಲ್ಲು ನನ್ನ ಪಾಲಿನ ಕೆಲಸವೆಂದು ನಿಮಗೆ ಗೊತ್ತು. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ನನ್ನನ್ನು ಯಾರಾದರೂ ಕಾಯುವುದಿದ್ದರೆ ಆ ಹುಲ್ಲೊಂದೇ. ವರಾಂಡದಲ್ಲಿಟ್ಟ ಪೆಟ್ರೋಲ್ ಡಬ್ಬಿಯ ಮೇಲೆ, ಒಳಗೆ ಎಷ್ಟಿದೆಯೋ ಅಷ್ಟಕ್ಕೆ, ನಾನು ಪೆನ್ನಿನಿಂದ ಗೆರೆ ಎಳೆದಿದ್ದೆ. ಮೆಷಿನ್ ಮುಟ್ಟದ ವಾರದಲ್ಲೂ ಪೆಟ್ರೋಲ್ ಗೆರೆಯಿಂದ ಎರಡು ಬೆರಳು ಕೆಳಗಿಳಿದಿತ್ತು. ಮನೆಯಲ್ಲಿ ಸ್ಕೂಟರ್ ಇರುವುದು ನಿಮ್ಮೊಬ್ಬರದೇ. ನಿಮ್ಮ ಕೈಯಿಂದ ಮೂಗಿಗೆ ಹೊಡೆಯುವ ಒಂದು ವಾಸನೆ ಬೇರೆ ಬರುತ್ತಿತ್ತು. ಮೂವತ್ತೊಂದು ವರ್ಷ ಪಾರ್ಸೆಲ್ ವಿಭಾಗದಲ್ಲಿ ಕೂತವನಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಲಿಲ್ಲ. ಡಬ್ಬಿಯನ್ನು ಶೆಡ್ಡಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮೆಷಿನ್ನಿನ ಪೆಟ್ರೋಲ್ ಟ್ಯಾಂಕಿಗೆ, ಮುಚ್ಚಳದ ಈ ಕಡೆಯಿಂದ ಆ ಕಡೆಗೆ ಬರುವಂತೆ, ಗೋಂದು ಹಚ್ಚಿ ಕಾಗದದ ಪಟ್ಟಿ ಅಂಟಿಸಿ ಅದರ ಮೇಲೆ ನನ್ನ ರುಜು ಹಾಕಿದೆ. ಕಚೇರಿಯಲ್ಲಿ ಕಪಾಟುಗಳಿಗೂ ಚೀಲಗಳಿಗೂ ಹೀಗೇ ಮಾಡುತ್ತಿದ್ದೆವು. ಪಟ್ಟಿ ಹರಿದರೆ ಕಳ್ಳ ಸಿಕ್ಕಿದ ಹಾಗೆ. ಅಂದಿನಿಂದ ಡಬ್ಬಿಯ ಪೆಟ್ರೋಲ್ ಇಳಿಯುವುದು ನಿಂತಿತು. ನಾನು ಮೀಸೆಯಡಿ ನಕ್ಕೆ.

ಆದರೆ ಅದೇ ವಾರ ಮೆಷಿನ್ ಕೈಕೊಟ್ಟಿತು. ಹಗ್ಗ ಎಳೆದರೆ ಚೆನ್ನಾಗಿಯೇ ಶುರುವಾಗುವುದು. ಹತ್ತು ನಿಮಿಷ ಓಡಿ, ಒಮ್ಮೆ ಏರಿ ಒಮ್ಮೆ ಇಳಿದು, ಕೆಮ್ಮಿ ನಿಂತುಬಿಡುವುದು. ಪೆಟ್ರೋಲ್ ಸಿಗದ ಸಿಟ್ಟಿಗೆ ನೀವು ಸೀಮೆಎಣ್ಣೆ ಬೆರೆಸಿದ್ದೀರಿ ಎಂದುಕೊಂಡೆ. ಕಾಗದದ ಪಟ್ಟಿ ಮಾತ್ರ ಹರಿದಿರಲಿಲ್ಲ. ಹಾಗಾದರೆ ನನ್ನ ರುಜುವನ್ನೇ ನಕಲು ಮಾಡಿ ಹೊಸ ಪಟ್ಟಿ ಅಂಟಿಸುತ್ತಿದ್ದೀರಿ! ಪೆಟ್ರೋಲ್ ತುಂಬಿಸಲು ಮುಚ್ಚಳ ತೆಗೆದಾಗಲೆಲ್ಲ ಹೊಸ ಪಟ್ಟಿ ಅಂಟಿಸಿ ಹಳೆಯದನ್ನು ಎತ್ತಿಡುತ್ತಿದ್ದೆ; ಭೂತಗನ್ನಡಿ ಹಿಡಿದು ಸೋಮವಾರದ ಪಟ್ಟಿಯನ್ನೂ ಗುರುವಾರದ ಪಟ್ಟಿಯನ್ನೂ ಹೋಲಿಸಿದೆ. ರುಜು ಎರಡು ಥರ ಇತ್ತು. ನಿಮ್ಮ ಕೈಚಳಕಕ್ಕೆ ಒಳಗೊಳಗೇ ಬೆರಗಾದೆ ಕೂಡ. ಗುರುವಾರದ ರುಜು ಹಾಕುವಾಗ ನನ್ನ ಕೈ ನಡುಗಿತ್ತು ಎನ್ನುವುದು ಆಗ ಹೊಳೆಯಲಿಲ್ಲ. ಈಚೆಗೆ ಬೆಳಗಿನ ಹೊತ್ತು ನಡುಗುತ್ತದೆ. ಇದನ್ನು ಮಗಳಿಗೆ ಹೇಳಬೇಡಿ.

ಆ ದಿನ ಊಟದ ಮೇಜಿನ ಮುಂದೆ ಎರಡೂ ಪಟ್ಟಿಗಳನ್ನು ನಿಮ್ಮ ತಟ್ಟೆಯ ಪಕ್ಕದಲ್ಲಿಟ್ಟೆನಲ್ಲ, ನೀವು ಅವುಗಳನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಮೆಲ್ಲಗೆ ಹೇಳಿದಿರಿ: “ಮಾವ, ಉಸಿರು ಕಟ್ತಿದೆ, ಅಷ್ಟೆ. ಯಾರಿಗಾದ್ರೂ ಹಾಗೇ ಆಗೋದು.” ನನ್ನ ಮನೆಯಲ್ಲಿ ನಿಮಗೆ ಉಸಿರು ಕಟ್ಟುತ್ತಿದೆ ಎಂದೇ ಕೇಳಿಸಿತು. ಬಾಗಿಲು ತೆರೆದೇ ಇದೆ ಎಂದುಬಿಟ್ಟೆ. ಜೊತೆಗೆ ಆ ಇನ್ನೊಂದು ಮಾತನ್ನೂ ಸೇರಿಸಿದೆ. ಕಳ್ಳ ಎನ್ನುವುದು ಎಷ್ಟು ಚಿಕ್ಕ ಪದ, ಬಾಯಿಂದ ಜಾರಿದ್ದೇ ತಿಳಿಯುವುದಿಲ್ಲ. ನೀವು ಕೈ ತೊಳೆದು ಎದ್ದಿರಿ. ಮಾರನೆಯ ದಿನ ಆಸ್ಪತ್ರೆಯವರು ನೌಕರರಿಗೆ ಕೊಡುವ ಒಂಟಿ ಕೋಣೆ ಸೇರಿದಿರಿ.

ನೀವು ಹೋದ ಮೇಲೆ ಮೆಷಿನ್ ಸರಿಹೋಗಬೇಕಿತ್ತು. ಹೋಗಲಿಲ್ಲ. ಅಂದರೆ ಕಳ್ಳ ಬೇರೆ ಯಾರೋ ಇದ್ದಾನೆ! ಪೆಟ್ರೋಲ್ ಬಂಕಿನವನ ಮೇಲೆ ಅನುಮಾನಪಟ್ಟು ಟ್ಯಾಂಕ್ ಖಾಲಿ ಮಾಡಿ ಬೇರೆ ಬಂಕಿನದು ತುಂಬಿಸಿದೆ; ಹತ್ತು ನಿಮಿಷ, ಢಮಾರ್. ಪ್ಲಗ್ ಬಿಚ್ಚಿ ಮಸಿ ಕೆರೆದೆ, ಹೊಸದನ್ನೂ ಹಾಕಿದೆ. ಗಾಳಿಯ ಫಿಲ್ಟರ್ ಕೊಡವಿದೆ, ಬ್ಲೇಡಿಗೆ ಸುತ್ತಿದ್ದ ಹುಲ್ಲು ಬಿಡಿಸಿದೆ. ಏನೂ ಉಪಯೋಗವಾಗಲಿಲ್ಲ. ಪಕ್ಕದ ಮನೆಯ ಡ್ರಿಲ್ ಮೇಷ್ಟರು ದಿನವೂ ಬೇಲಿಯಿಂದ ಇಣುಕಿ “ಇನ್ನೂ ರೆಡಿ ಆಗ್ಲಿಲ್ವಾ?” ಎಂದು ಕೇಳುವಾಗ ಹಲ್ಲು ಕಿರಿಯುತ್ತಿದ್ದರು. ಹುಲ್ಲಿನ ಕೆಲಸ ತಮ್ಮ ಕೈಗೆ ಬರಲೆಂದು ಅವರೇ ಏನೋ ಮಾಡುತ್ತಿದ್ದಾರೆಂದು ಮೂರು ದಿನ ಕಿಟಕಿಯ ಪರದೆ ಹಿಂದೆ ಕೂತು ಕಾದೆ. ಅವರು ತಮ್ಮ ಗಿಡಕ್ಕೆ ನೀರು ಹಾಕಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಇದೆಲ್ಲದರ ನಡುವೆ ಒಂದು ವಿಚಿತ್ರ. ಮೆಷಿನ್ ನಿಂತಾಗಲೆಲ್ಲ, ಯಾರಾದರೂ ಪೆಟ್ರೋಲ್ ಕದ್ದರೋ ಎಂದು ಪಟ್ಟಿ ಹರಿದು ಮುಚ್ಚಳ ತೆಗೆದು ನೋಡುತ್ತಿದ್ದೆ. ಒಳಗಿಂದ ಸುಯ್ ಎಂಬ ಸದ್ದು. ಮತ್ತೆ ಹಗ್ಗ ಎಳೆದರೆ ಮೊದಲ ಎಳೆತಕ್ಕೇ ಶುರು! ನನ್ನ ಅನುಮಾನಕ್ಕೆ ಹೆದರಿ ಓಡುತ್ತಿದೆ ಎಂದುಕೊಂಡು ಹೊಸ ಪಟ್ಟಿ ಅಂಟಿಸುತ್ತಿದ್ದೆ. ನಗಬೇಡಿ.

ಮೊನ್ನೆ ಕೊನೆಗೂ ಮೆಕ್ಯಾನಿಕ್ಕನ್ನು ಕರೆಸಿದೆ. ಹಲ್ಲಿಲ್ಲದ ಮುದುಕ, ಸಾಮಾನಿನ ಚೀಲವನ್ನು ಬಿಚ್ಚಲೂ ಇಲ್ಲ. ಮೆಷಿನ್ ಓಡಿಸಿ, ಕುಕ್ಕರುಗಾಲಲ್ಲಿ ಕೂತು, ಅದು ಸಾಯುವವರೆಗೂ ಸುಮ್ಮನೆ ನೋಡಿದ. ಆಮೇಲೆ ಮುಚ್ಚಳದ ಮೇಲೆ ಬೆರಳಿಟ್ಟು, “ಯಜಮಾನ್ರೇ, ಈ ಚೀಟಿ ಅಂಟಿಸಿದ್ದು ಯಾರು? ಪಾಪ, ಇದರ ಉಸಿರು ಕಟ್ಟಿಸಿದ್ದೀರಲ್ಲ!” ಎಂದ. ಅದೇ ಮಾತು! ನೀವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೀರಾ ಎಂದು ಆ ಕ್ಷಣವೂ ಅನುಮಾನಪಟ್ಟೆ, ಒಪ್ಪಿಕೊಳ್ಳುತ್ತೇನೆ. ಅವನು ಪಟ್ಟಿ ಕಿತ್ತು ತೋರಿಸಿದ. ಮುಚ್ಚಳದ ನಡುವೆ ಸಾಸಿವೆಯಷ್ಟು ದೊಡ್ಡ ತೂತು; ಅದರ ತುಂಬ ನನ್ನ ಗೋಂದು ಕಲ್ಲಿನಂತೆ ಗಟ್ಟಿಯಾಗಿತ್ತು. ಪೆಟ್ರೋಲ್ ಕೆಳಗಿಳಿಯಬೇಕಾದರೆ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕಂತೆ. ಗಾಳಿ ಹೋಗದಿದ್ದರೆ ಇಂಜಿನ್ ಇದ್ದಷ್ಟು ಹೀರಿಕೊಂಡು ನಿಂತುಬಿಡುತ್ತದೆ. ಅಂಗಿಯಲ್ಲಿದ್ದ ಪಿನ್ನಿನಿಂದ ಅವನು ಗೋಂದು ಕುಟ್ಟಿ ತೆಗೆದ. ಎಂಟು ಮನೆಗಳ ಹುಲ್ಲು ಒಂದೇ ಉಸಿರಿಗೆ ಕತ್ತರಿಸಿದೆ. ಡಬ್ಬಿಯ ವಿಷಯವನ್ನೂ ಕೇಳಿದೆ. ಸಡಿಲ ಮುಚ್ಚಳದ ಡಬ್ಬಿಯನ್ನು ವರಾಂಡದ ಬಿಸಿಲಿಗಿಟ್ಟರೆ ಪೆಟ್ರೋಲ್ ಆವಿಯಾಗದೆ ಇನ್ನೇನಾಗುತ್ತದೆ ಎಂದು ನಕ್ಕ. ನಿಮ್ಮ ಕೈಯ ವಾಸನೆ ಆಸ್ಪತ್ರೆಯ ಸ್ಪಿರಿಟ್ಟಿನದು ಎಂದು ಯಾರೂ ಹೇಳಬೇಕಾಗಲಿಲ್ಲ. ನೀವು ಮನೆಯಲ್ಲಿಲ್ಲದ ಮೇಲೆ, ಬಾತ್‌ರೂಮಿನ ಕೊಂಡಿಗೆ ನೇತುಹಾಕಿದ್ದ ನಿಮ್ಮ ಸಮವಸ್ತ್ರಕ್ಕೆ ಮೂಗಿಟ್ಟು ನೋಡಿದೆ.

ನೀವು ಇಂಜಿನ್ನಿನ ಉಸಿರಿನ ವಿಷಯ ಹೇಳಿದ್ದಿರೋ ನಿಮ್ಮದನ್ನೋ, ನನಗೆ ಈಗಲೂ ಖಚಿತವಿಲ್ಲ. ಎರಡೂ ಆಗಿರಬಹುದು. ಎರಡಕ್ಕೂ ಗೋಂದು ಹಚ್ಚಿದ ಕೈ ನನ್ನದೇ. ತಪ್ಪು ನನ್ನದು ಅಳಿಯಂದಿರೇ. ಈ ವಾಕ್ಯವನ್ನು ನಾಲ್ಕು ಸಲ ಹೊಡೆದುಹಾಕಿ ಐದನೆಯ ಸಲ ಹೀಗೆ ಬಿಟ್ಟಿದ್ದೇನೆ. ಡ್ರಿಲ್ ಮೇಷ್ಟರಿಗೂ ಹೇಳಿದೆ. ಅವರಿಗೆ ಏನೂ ಅರ್ಥವಾಗದೆ ಒಂದು ಬಟ್ಟಲು ಟೊಮೇಟೊ ಕೊಟ್ಟು ಕಳಿಸಿದರು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತು, ನಾಚಿಕೊಂಡಿರುವ
ನಿಮ್ಮ ಮಾವ

ಮರೆತಿದ್ದೆ: ಲಕೋಟೆಗೆ ಸ್ಟ್ಯಾಂಪು ಹುಡುಕಲು ಮಗಳ ಬ್ಯಾಗಿಗೆ ಕೈ ಹಾಕಿದೆ. ಸುಳ್ಳು; ನೋಡಲೆಂದೇ ಕೈ ಹಾಕಿದೆ, ಚಾಳಿ ಇನ್ನೂ ಬಿಟ್ಟಿಲ್ಲ. ಆಸ್ಪತ್ರೆಯ ಸಂಸಾರಸ್ಥರ ಕ್ವಾರ್ಟರ್ಸಿಗೆ ಅರ್ಜಿ ಸಿಕ್ಕಿತು. ಅವಳ ಸಹಿ ಆಗಿದೆ, ನಿಮ್ಮದು ಬಾಕಿ. ಮೇಲೆ ಅವಳು ಗುರುತು ಹಾಕಿಕೊಂಡ ಪ್ರಕಾರ ಸೋಮವಾರ ನಿಮ್ಮ ಕೈಗೆ ಬರುತ್ತದೆ. ಸಹಿ ಹಾಕಬೇಡಿ ಎನ್ನುವುದಿಲ್ಲ, ಇಬ್ಬರೂ ಸುಖವಾಗಿರಿ, ಸಾಮಾನು ಹೊರಲು ನಾನೇ ಬರುತ್ತೇನೆ. ಆದರೆ ಅದಕ್ಕೆ ಮೊದಲು ಭಾನುವಾರ ಒಮ್ಮೆ ಮನೆಗೆ ಬನ್ನಿ. ಕಳ್ಳ ಎನಿಸಿಕೊಂಡು ಹೋದ ಮನೆಯಿಂದ ಅಳಿಯ ಎನಿಸಿಕೊಂಡು ಹೋಗಿ.