ಲಿಫ್ಟಿನ ಹೆಂಗಸು ಇಲ್ಲದ ಆವೃತ್ತಿ

ಮಾರ್ಚ್ ೩

ಇವತ್ತು ಲ್ಯಾಬಿನಲ್ಲಿ ಹನ್ನೊಂದು ಬಾಟಲಿ ನೀರಿನ ಪರೀಕ್ಷಾ ವರದಿ. 'ಪರಿಶೀಲಿಸಿದೆ' ಎಂಬಲ್ಲಿ ಎಲ್ಲಕ್ಕೂ ಸಹಿ ಹಾಕಿದೆ. ನಾಲ್ಕನೆಯದು ಶಾಲೆಯ ಟ್ಯಾಂಕಿನದು. ಸೀಸದ ವಿಷ ಮಿತಿಯ ಮೂರು ಪಟ್ಟು. ಸಾಹೇಬರು ಅಂಕಿ ತಿದ್ದಿ ಇಳಿಸಿದ್ದರು. ನೋಡಿಯೂ ಸಹಿ ಹಾಕಿದೆ. ಕೊನೆಯ ಸಹಿ ನಮ್ಮ ಹಿರಿಯ ಕೆಮಿಸ್ಟ್ ದೊಡ್ಡಕ್ಕನದು. ಹೇಗೂ ತಡೆಯುತ್ತಾರೆ... ತಡೆದರು.

ಮಾರ್ಚ್ ೯, ಭಾನುವಾರ

ನನ್ನ ಮೆಚ್ಚಿನ ಆ ಕಾದಂಬರಿಯ ಹೊಸ ಅನುವಾದ ಬಂತು. ಹಳೆಯದರ ಪಕ್ಕದಲ್ಲಿಟ್ಟು ಓದಿದೆ. ೧೧೨ನೇ ಪುಟದ ಲಿಫ್ಟಿನ ಹೆಂಗಸು — ತಪ್ಪಿಸಿಕೊಂಡು ಓಡುವವರನ್ನು ಲಿಫ್ಟಿನಲ್ಲಿ ಬಚ್ಚಿಡುವವಳು, ಆ ಇಡೀ ನಗರದಲ್ಲಿ ಕರುಳಿದ್ದ ಒಬ್ಬಳೇ ಒಬ್ಬಳು — ಹೊಸದರಲ್ಲಿ ಇಲ್ಲ. ಲಿಫ್ಟ್ ಇದೆ, ಅವಳಿಲ್ಲ. ಅನುವಾದಕರ ಕತ್ತರಿಯೆಂದು ರೇಗಿತು. ಮುನ್ನುಡಿ ನೋಡಿದರೆ ಲೇಖಕರೇ ತೆಗೆದದ್ದು. ಕಾರಣ ಒಂದೇ ಸಾಲು: "ಓದಿದವರೆಲ್ಲ ಅವಳೇ ತಾವು ಎಂದುಕೊಂಡರು."

ತಂಗಿ ನಕ್ಕಳು: "ಅಲ್ಲೋ ಅಣ್ಣಾ, ಹುಟ್ಟೇ ಇಲ್ಲದವಳು ಕಾಣೆಯಾದ್ಲು ಅಂತ ಊಟ ಬಿಟ್ಟು ಕೂತಿದ್ದೀಯಲ್ಲ!"

ಲೇಖಕರಿಗೆ ಖಾರವಾಗಿಯೇ ಪತ್ರ ಬರೆದೆ. ಓದುವವನಿಗೆ ಒಂದು ಆಸರೆಯೂ ಬೇಡವೇ?

ಮಾರ್ಚ್ ೨೬

ಎರಡು ವಾರದಿಂದ ಬರೆದಿಲ್ಲ. ಆ ವರದಿ ತಡೆದದ್ದಕ್ಕೆ ದೊಡ್ಡಕ್ಕನನ್ನು ಸ್ಟೋರಿಗೆ ಹಾಕಿದರು. ಖಾಲಿ ಬಾಟಲಿ ಜೋಡಿಸುವ ಕೆಲಸ. ಮೀಟಿಂಗಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಆಮೇಲೆ ಟೀ ಕುಡಿಯುತ್ತಾ, ಎಂಥ ಗಟ್ಟಿ ಹೆಂಗಸು ಎಂದು ಎಲ್ಲರೂ ಹೊಗಳಿದರು. ನಾನೂ.

ಇವತ್ತು ಸ್ಟೋರಿಗೆ ಹೋಗಿ, ನಾವೆಲ್ಲ ನಿಮ್ಮ ಕಡೆಯೇ ಎಂದೆ.

"ನನ್ನ ಕಡೆನಾ? ಒಂಬತ್ತು ವರ್ಷದಲ್ಲಿ ನೀನು ಸಹಿ ಹಾಕ್ದೆ ಬಿಟ್ಟ ವರದಿ ಒಂದೇ ಒಂದು ತೋರ್ಸಪ್ಪಾ, ನೋಡೋಣ."

ನನಗೆ ಪುಟಸಂಖ್ಯೆ ಸಮೇತ ನೆನಪಿರುತ್ತದೆ. ಅಂಥ ವರದಿ ಒಂದೂ ಇಲ್ಲ.

"ಹೋಗ್ಲಿ, ಆ ಡಬ್ಬ ಎತ್ಕೊಡು." ಎತ್ತಿಕೊಟ್ಟೆ. ಅದೊಂದನ್ನು ಮಾಡಿದೆ.

ಮಾರ್ಚ್ ೨೭, ಬೆಳಿಗ್ಗೆ ೧೦

ಲೇಖಕರಿಗೆ ಬರೆದಿದ್ದ ಪತ್ರ ಹರಿದೆ. ಅಂಚೆಗೆ ಇನ್ನೂ ಹಾಕಿರಲಿಲ್ಲ.

ಮೇಜಿನ ಮೇಲೆ ಮತ್ತೆ ಅದೇ ಶಾಲೆಯ ಟ್ಯಾಂಕಿನ ವರದಿ. ಅದೇ ಸೀಸ, ಅದೇ ತಿದ್ದಿದ ಅಂಕಿ. ದೊಡ್ಡಕ್ಕನ ಜಾಗಕ್ಕೆ ಬಂದವರು ತಮ್ಮ ಸಹಿ ಮೊದಲೇ ಹಾಕಿ ಕಳಿಸಿದ್ದಾರೆ. ಉಳಿದದ್ದು ನನ್ನದೊಂದೇ. ನನ್ನ ನಂತರ ಯಾರೂ ಇಲ್ಲ.

ಹೆಜ್ಜೆ ಸದ್ದು. ದೊಡ್ಡಕ್ಕನೇನೋ ಎಂದು ಕತ್ತೆತ್ತಿದೆ. ಪ್ಯೂನ್.

"ಆಯ್ತಾ ಸಾರ್? ಸಾಹೇಬ್ರು ಕಾಯ್ತಾ ಇದ್ದಾರೆ."

ಒಂದು ನಿಮಿಷ ಎಂದೆ. ವರದಿಯ ಮೇಲೆ ಈ ಡೈರಿ ಇಟ್ಟು ಬರೆಯುತ್ತಿದ್ದೇನೆ. ಅವನು ಬಾಗಿಲಲ್ಲೇ ನಿಂತಿದ್ದಾನೆ. ನಾನು ಅವನ ಹೆಗಲಾಚೆ, ಸ್ಟೋರಿನ ಕಡೆ, ಯಾರಾದರೂ ಬಂದಾರೆಂದು ಇನ್ನೂ —