ಕೆಂಪು ಪಟ್ಟಿ ಕಟ್ಟಿದ ಮರ

ಗಡಿ ಕಾವಲಿನ ಅಧಿಕಾರಿ ಸಾಹೇಬರಿಗೆ, ಕಮಲಾಕ್ಷಿಯ ನಮಸ್ಕಾರ.

ನಾನು ಓದಿದ್ದು ಐದನೇ ಕ್ಲಾಸು, ಅದೂ ಅರ್ಧ. ಇದನ್ನು ಪಕ್ಕದ ಮನೆಯ ಇಸ್ಮತ್ ಸ್ವೀಡಿಷ್‌ಗೆ ಮಾಡಿಕೊಡುತ್ತಾಳೆ. ಮೊನ್ನೆ ಸಮುದ್ರದಂಚಿನ ಕಾಡಿನಲ್ಲಿ ನಿಮ್ಮ ಸೈನಿಕರು ತಡೆದು ಹೆಸರು ಬರೆದುಕೊಂಡರಲ್ಲ, ಆ ಹೆಂಗಸು ನಾನೇ. ಅವರು ಸಂಶಯಪಟ್ಟಂತೆ ನಾನು ನೀವು ಅಲ್ಲಿ ಹಾಕಲಿರುವ ಗಡಿ ಬೇಲಿಯ ಅಳತೆ ತೆಗೆಯುತ್ತಿರಲಿಲ್ಲ ಸ್ವಾಮಿ. ಎಲ್ಲರೂ ಓಡಾಡುವ ಕಾಡೆಂದು ಹೋಗಿದ್ದೆ. ಒಂದು ಪೈನ್ ಮರಕ್ಕೆ ಕೆಂಪು ಪಟ್ಟಿ ಕಟ್ಟಿತ್ತು. ಯಾರೋ ಹರಕೆಗೆ ಕಟ್ಟಿದ್ದಾರೆಂದು ತಿಳಿದು ಪ್ರದಕ್ಷಿಣೆ ಹಾಕಿದೆ. ಅದು ಬೇಲಿಗಾಗಿ ಕಡಿಯುವ ಮರದ ಗುರುತೆಂದು ಆಮೇಲೆ ಗೊತ್ತಾಯಿತು.

ಮಗಳು ನವ್ಯಾಳ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಹೋಗಿದೆ. ದಯವಿಟ್ಟು ಅವಳ ಹೆಸರನ್ನು ಇದಕ್ಕೆ ಸೇರಿಸಬೇಡಿ. ಬೇಲಿ ಬೇಡವೆನ್ನುವುದಿಲ್ಲ, ನನ್ನ ಮೊಮ್ಮಗಳು ಮಲಗುವುದೂ ಇದೇ ದಡದಲ್ಲಿ.

"ಅಮ್ಮಾ, ಸಾರಿ ಅಂತ ಮಾತ್ರ ಬರಿ. ಮರದ ತಂಟೆ ಬೇಡ, ಪ್ಲೀಸ್" ಅಂದಿದ್ದಾಳೆ ನವ್ಯಾ. ಅದಕ್ಕೇ ಇದನ್ನು ಕೊನೆಗೆ ಬರೆಯುತ್ತಿದ್ದೇನೆ. ಆ ಮರದ ತುದಿಯಲ್ಲಿ ಹದ್ದಿನ ಗೂಡಿದೆ. ಮರಿಗಳಿಗೆ ಇನ್ನೂ ಹಾರಲು ಬರುವುದಿಲ್ಲ. ಅವು ಹಾರುವ ತನಕ ಮರ ಕಡಿಯಬೇಡಿ. ಕೇಳುತ್ತಿರುವುದು ನಾನು, ನನ್ನ ಮಗಳಲ್ಲ.

ಇಂತಿ,
ಹೆದರುತ್ತಲೇ ಸಹಿ ಹಾಕಿರುವ
ಕಮಲಾಕ್ಷಿ